ಮೊದಲ ಹೆಸರಿನವನ ಸ್ಟಿಕ್ಕು

ನಾನೊಂದು ಹಾಕಿ ಸ್ಟಿಕ್ಕು. ಹುಟ್ಟೂರು ಜಲಂಧರ, ಕುಲ ಹಿಪ್ಪುನೇರಳೆ. ಮೈಮೇಲೆ ತೆಳ್ಳನೆಯ ಫೈಬರ್ ಹೊದಿಕೆ, ಹಿಡಿಗೆ ಹಳದಿ ಪಟ್ಟಿ. ನಮ್ಮ ಶೆಡ್ಡಿನಲ್ಲಿ ನನ್ನಂಥವರು ದಿನಕ್ಕೆ ನೂರಾರು ಮಂದಿ ಹುಟ್ಟುತ್ತಿದ್ದರು. ಹಾಗಾಗಿ ಹುಟ್ಟಿನ ವಿಷಯದಲ್ಲಿ ಜಂಬ ಕೊಚ್ಚಿಕೊಳ್ಳುವಂಥದ್ದು ಏನೂ ಇಲ್ಲ. ಒಂದು ಮಾತು ಮಾತ್ರ ಹೇಳಬೇಕು. ಊರು ಬಿಡುವ ಮುನ್ನ ಕನ್ನಡಕದ ಮುದುಕನೊಬ್ಬ ನಮ್ಮನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಹೊಟ್ಟೆಯ ಕೆಳಗಿನ ಸಂದಿಯಲ್ಲಿ ಒಂದು ಲೋಹದ ತುಂಡನ್ನು ತಳ್ಳಿ ನೋಡುತ್ತಿದ್ದ. ಸ್ಟಿಕ್ಕಿನ ಮೈ ಕೊಂಚ ಬಾಗಿರಬಹುದು. ಆದರೆ ಇಪ್ಪತ್ತೈದು ಮಿಲಿಮೀಟರಿಗಿಂತ ಹೆಚ್ಚು ಬಾಗಿದ್ದರೆ ಆ ತುಂಡು ಸಲೀಸಾಗಿ ದಾಟಿಹೋಗುತ್ತದೆ. ಅಂಥ ಸ್ಟಿಕ್ಕು ಆಟಕ್ಕೆ ಸಲ್ಲದು. ನನ್ನ ಕೆಳಗೆ ಅದು ದಾಟಲಿಲ್ಲ. ಮುದುಕ ತಲೆಯಾಡಿಸಿ ನನ್ನನ್ನು ಪೆಟ್ಟಿಗೆಗೆ ಹಾಕಿದ. ನಾನು ನ್ಯಾಯವಾಗಿಯೇ ಹುಟ್ಟಿದವನು ಎಂದು ಹೇಳುವುದಕ್ಕೆ ಇಷ್ಟು ಪೀಠಿಕೆ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವನು ಬೆಟಗೇರಿಯ ಹುಚ್ಚೀರಪ್ಪ. ಅಲ್ಲಿನ ಹಾಕಿ ಮೈದಾನದ ಗೇಟಿನ ಎದುರಿಗೇ ಅವನ ಇಡ್ಲಿ-ಮಿರ್ಚಿ ಅಂಗಡಿ. ಹರೆಯದಲ್ಲಿ ಗೋಲಿನ ಮುಂದೆ ತಡೆದು ನಿಲ್ಲುವ ಒಳ್ಳೆಯ ಫುಲ್‌ಬ್ಯಾಕ್ ಆಗಿದ್ದನಂತೆ, ಆದರೆ ಜಿಲ್ಲಾ ತಂಡದಿಂದಾಚೆ ಅವನನ್ನು ಯಾರೂ ಕರೆಯಲಿಲ್ಲ. ಆ ಸಂಕಟವನ್ನು ಅವನು ಹೊಟ್ಟೆಯಲ್ಲೇ ಇಟ್ಟುಕೊಂಡು, ತಂಗಿಯ ಮಗ ಮೈಲಾರಿಯನ್ನು ಆಟಕ್ಕೆ ಬಿಟ್ಟಿದ್ದ. ಮೈಲಾರಿಗೆ ಆಗ ಹದಿನಾರು. ಉದ್ದನೆಯ ಕೈಗಳು, ಮಾತು ಕಡಿಮೆ. ಎದುರಾಳಿಯ ತಪ್ಪಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಚೆಂಡನ್ನು ಸ್ಟಿಕ್ಕಿನ ಹೊಟ್ಟೆಗೆ ಆನಿಸಿ ಎಳೆದು ಎಸೆಯುವುದರಲ್ಲಿ ಅವನ ಕೈ ಚೆನ್ನಾಗಿ ಪಳಗಿತ್ತು.

ಮನೆಗೆ ಬಂದ ನಾಲ್ಕನೆಯ ದಿನ ನನ್ನ ಗ್ರಹಚಾರ ಕೆಟ್ಟಿತು. ಇಡ್ಲಿಯ ಕೊನೆಯ ಒಬ್ಬೆ ಇಳಿದ ಮೇಲೆ ಹುಚ್ಚೀರಪ್ಪ ಪಾತ್ರೆಯ ತಟ್ಟೆಗಳನ್ನು ತೆಗೆದು, ನನ್ನನ್ನು ಆ ಹಬೆಯ ಮೇಲೆ ಅಡ್ಡ ಹಿಡಿದ. ಮೈಲಾರಿ ಹೆದರಿದ.

"ಮಾವ, ಇದು ನಡೀತೈತೇನು?"

"ನಡೀದ ಏನಾಗತೈತಿ. ನಮ್ಮ ಕಾಲದಾಗ ಎಲ್ಲಾರೂ ಹಿಂಗ ಮಾಡತಿದ್ವಿ. ಇನ್ನೊಂದೀಟು ಬಾಗಿದ್ರ ಬಾಲು ಹೊಟ್ಟಿಮ್ಯಾಲ ಕುಂದರತೈತಿ ಅಳಿಯಾ. ಆಮ್ಯಾಲ ನೋಡು, ಕವಣಿ ಕಲ್ಲಿನಂಗ ಹೋಗತೈತಿ."

ಮೈ ಮೆತ್ತಗಾದ ಮೇಲೆ ನನ್ನನ್ನು ಎರಡು ಇಟ್ಟಿಗೆಗಳ ಮೇಲಿಟ್ಟು, ನಡುವಿಗೆ ಅಕ್ಕಿಯ ಚೀಲ ಹೇರಿದ. ಎರಡು ದಿನ ಹಾಗೇ ಬಿದ್ದಿದ್ದೆ. ನೋವಿನ ಮಾತು ಬಿಡಿ, ಅದಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಆದರೆ ಹುಚ್ಚೀರಪ್ಪನ ಮನಸ್ಸಿನಲ್ಲಿ ಕಪಟವೆಂಬುದು ಎಳ್ಳಷ್ಟೂ ಇರಲಿಲ್ಲ. ಆ ನಿಯಮ ಇರುವುದೇ ಅವನಿಗೆ ಗೊತ್ತಿರಲಿಲ್ಲ. ಅವನು ಆಡಿದ ಮಟ್ಟದಲ್ಲಿ ಯಾರೂ ಅಳೆಯುತ್ತಿರಲಿಲ್ಲ.

ಆಮೇಲೆ ನಡೆದದ್ದನ್ನು ಬೆಟಗೇರಿ ಇವತ್ತಿಗೂ ನೆನೆಯುತ್ತದೆ. ಮೈಲಾರಿ ನನ್ನನ್ನು ಹಿಡಿದು ಎಳೆದರೆ ಚೆಂಡು ಗೋಲು ಕಾಯುವ ಗೋಲಿಯ ಭುಜದ ಮೇಲಿಂದ ಹಾದು ಬಲೆಗೆ ಬಡಿಯುತ್ತಿತ್ತು. ಜಿಲ್ಲೆ, ವಿಭಾಗ, ರಾಜ್ಯ, ಕೊನೆಗೆ ರಾಷ್ಟ್ರದ ಜೂನಿಯರ್ ಪಂದ್ಯಗಳು. ಅಂಪೈರುಗಳು ನನ್ನ ಮೈಮೇಲೆ ಕೈಯಾಡಿಸಿ ಸಿಬಿರು ಎದ್ದಿದೆಯೇ ಎಂದು ನೋಡಿದರು, ಅಷ್ಟೇ. ಅವನಿಗೆ ಹದಿನೆಂಟಾದ ವರ್ಷ ವೃತ್ತಿಪರ ಲೀಗಿನವರು ಕಿರಿಯರ ಆಯ್ಕೆ ಇಟ್ಟರು. ಆರು ತಂಡಗಳು ಸರದಿಯ ಮೇಲೆ ಒಬ್ಬೊಬ್ಬ ಹುಡುಗನ ಹೆಸರು ಕರೆದು ತಮ್ಮವನನ್ನಾಗಿ ಮಾಡಿಕೊಳ್ಳುವ ಪದ್ಧತಿ. ಇಡೀ ದೇಶದ ಹುಡುಗರಲ್ಲಿ ಎಲ್ಲರಿಗಿಂತ ಮೊದಲು ಕರೆದ ಹೆಸರು ಮೈಲಾರಿಯದು. ಅಂಗಡಿಯ ಟೀವಿಯಲ್ಲಿ ಅದು ಕೇಳಿಸಿದಾಗ ಹುಚ್ಚೀರಪ್ಪ ಜಾಲರಿ ಸೌಟು ಹಿಡಿದುಕೊಂಡೇ ಬೀದಿಗೆ ಓಡಿದ. ಬಾಣಲೆಯಲ್ಲಿದ್ದ ಮಿರ್ಚಿ ಅಷ್ಟೂ ಸೀದು ಕರಿಯಾದವು. ಊರಿನವರು ಮೈಲಾರಿಗೆ ಹಾಕಿ ಮಿಕ್ಕ ಒಂದು ಹಾರವನ್ನು ನನಗೂ ಹಾಕಿದರು. ನಾನೂ ಉಬ್ಬಿದೆ, ಸುಳ್ಳೇಕೆ ಹೇಳಲಿ.

ಪುಣೆಯಲ್ಲಿ ಶಿಬಿರ. ಮೊದಲ ಬೆಳಿಗ್ಗೆಯೇ ತಂಡದ ಕೋಚ್ ಎಲ್ಲರ ಸ್ಟಿಕ್ಕುಗಳನ್ನು ಸಾಲಾಗಿ ಮೇಜಿನ ಮೇಲೆ ಬೋರಲು ಮಲಗಿಸಿದ. ಆ ಲೋಹದ ತುಂಡು ನನ್ನ ಕೆಳಗೆ ಎಲ್ಲಿಯೂ ತಾಗದೆ ಆಚೆ ಹೋಯಿತು. ಕೋಚ್ ಬೈಯಲಿಲ್ಲ, ನಗಲಿಲ್ಲ. ನನ್ನನ್ನು ಪಕ್ಕಕ್ಕಿಟ್ಟು ಮೈಲಾರಿಯ ಕೈಗೆ ಬೇರೆ ಸ್ಟಿಕ್ಕು ಕೊಟ್ಟ. ಅಂದಿನಿಂದ ನನ್ನ ವಾಸ ಹಾಸ್ಟೆಲ್ ಮಂಚದ ಕೆಳಗೆ.

ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಹುಡುಗರ ಕಾಲುಗಳು ಮಾತ್ರ. ಬೆಳಿಗ್ಗೆ ಚುರುಕಾಗಿ ಹೋಗುತ್ತಿದ್ದವು, ಸಂಜೆ ಎಳೆದುಕೊಂಡು ಬರುತ್ತಿದ್ದವು. ಹೊಸ ಸ್ಟಿಕ್ಕಿನಲ್ಲಿ ಹೊಡೆದದ್ದೆಲ್ಲ ಗೋಲಿನ ಮೇಲೆ ಹಾರಿಹೋಗುತ್ತಿದೆ ಎಂದು ಮೈಲಾರಿ ಪಕ್ಕದ ಮಂಚದವನ ಹತ್ತಿರ ಹೇಳಿಕೊಳ್ಳುತ್ತಿದ್ದ. ಆ ಪಕ್ಕದವನು ಜಾರ್ಖಂಡಿನ ಪ್ರಭುದಾಸ. ಹಿಂದಿನ ವರ್ಷ ಎಲ್ಲರಿಗಿಂತ ಮೊದಲು ಕರೆದ ಹೆಸರು ಅವನದು. ಅವನ ಸ್ಟಿಕ್ಕು ನೆಟ್ಟಗೇ ಇತ್ತು, ಆದರೂ ಈವರೆಗೆ ಒಂದೇ ಒಂದು ಪಂದ್ಯದಲ್ಲೂ ಅವನನ್ನು ಇಳಿಸಿರಲಿಲ್ಲ. ಒಂದು ಮಧ್ಯಾಹ್ನ ಅವನು ಹಿಂದಿಯಲ್ಲಿ ನಿಧಾನವಾಗಿ, ಮೈಲಾರಿಗೆ ತಿಳಿಯುವ ಹಾಗೆ, ಬೆರಳು ಮಡಚುತ್ತ ಹೇಳಿದ. ಏಳು ವರ್ಷ, ಏಳು ಮೊದಲ ಹೆಸರುಗಳು. ಒಬ್ಬ ಎರಡು ಸೀಸನ್ ಆಡಿದ. ಒಬ್ಬ ಪೊಲೀಸ್ ಆದ, ಒಬ್ಬ ಅಪ್ಪನ ಟ್ರ್ಯಾಕ್ಟರ್ ಓಡಿಸುತ್ತಾನೆ, ಒಬ್ಬನಿಗೆ ರೈಲ್ವೆಯಲ್ಲಿ ಕೆಲಸ, ಇನ್ನೊಬ್ಬ ಎಲ್ಲಿದ್ದಾನೋ ಗೊತ್ತಿಲ್ಲ. ಆರನೆಯವನು ನಾನು, ಏಳನೆಯವನು ನೀನು ಎಂದ. ಹೇಳಿ ಮುಗಿಸಿ, ಒಗೆದ ಜೆರ್ಸಿ ಒಣಹಾಕಲು ಎದ್ದುಹೋದ.

ಮೂರನೆಯ ವಾರ ಕೋಚ್ ಮೈಲಾರಿಯನ್ನು ಕರೆದು, ನಿನ್ನ ಹಳೆಯ ಸ್ಟಿಕ್ಕನ್ನೇ ತಾ, ಅಭ್ಯಾಸಕ್ಕೆ ತಾನೇ, ಒಮ್ಮೆ ನೋಡೋಣ ಎಂದ. ಮೈಲಾರಿ ಓಡಿಬಂದು ನನ್ನನ್ನು ಎಳೆದುಕೊಂಡ. ಹತ್ತು ಚೆಂಡು ಇಟ್ಟರು. ನನ್ನಲ್ಲಿದ್ದ ಶಕ್ತಿಯನ್ನೆಲ್ಲ ನಾನು ಕೊಟ್ಟೆ, ಅವನಲ್ಲಿದ್ದದ್ದನ್ನೆಲ್ಲ ಅವನೂ ಕೊಟ್ಟ. ಆದರೆ ಅಲ್ಲಿನ ಗೋಲಿ ನಮ್ಮೂರ ಗೋಲಿಗಳ ಹಾಗೆ ಕಣ್ಣು ಮುಚ್ಚುವವನಲ್ಲ. ಮೈಲಾರಿಯ ಭುಜ ತಿರುಗುವುದನ್ನು ನೋಡಿಯೇ ಅವನು ಮೊದಲೇ ಅಲ್ಲಿ ನಿಂತಿರುತ್ತಿದ್ದ. ಹತ್ತರಲ್ಲಿ ಎರಡು ಒಳಗೆ ಹೋದವು. ಕೋಚ್ ಮೈಲಾರಿಯ ಬೆನ್ನು ತಟ್ಟಿ ಬೇರೆಯವರ ಕಡೆಗೆ ನಡೆದ. ಆ ಹುಡುಗ ನನ್ನನ್ನು ಮತ್ತೆ ಮಂಚದ ಕೆಳಗೆ ತಳ್ಳಿದ.

ಆ ಸೀಸನ್ ಅವನು ಬದಲಿ ಆಟಗಾರರ ಬೆಂಚಿನ ಮೇಲೂ ಕೂರಲಿಲ್ಲ. ಮರುವರ್ಷವೂ ಅದೇ ಕತೆ. ಅದರ ಮುಂದಿನ ವರ್ಷ, ಅವನು ಹಾಸ್ಟೆಲಿನಲ್ಲಿರುವಾಗಲೇ, ಇನ್ನು ಶಿಬಿರಕ್ಕೆ ಬರುವುದು ಬೇಡವೆಂದು ಫೋನಿನಲ್ಲಿ ಎರಡು ಸಾಲಿನ ಸಂದೇಶ ಬಂತು. ಮೊದಲ ಹೆಸರು ಕರೆಯುವಾಗ ಮಾಡಿದ ಗದ್ದಲದಲ್ಲಿ ಕಾಲುಭಾಗವನ್ನಾದರೂ ಕಳಿಸಿಕೊಡುವಾಗ ಮಾಡಬಹುದಿತ್ತು ಎಂದು ನನಗೆ ಸಿಟ್ಟು ಬಂದದ್ದು ನಿಜ.

ಮಾವನಿಗೆ ಏನು ಹೇಳುವುದು? ನೀನು ಬಾಗಿಸಿದ ಸ್ಟಿಕ್ಕನ್ನು ತೆಗೆದು ಬಿಸಾಡಿದರು ಎನ್ನುವುದೇ? ಬಸ್ಸಿನಿಂದ ಇಳಿಯುವಾಗ ಮೈಲಾರಿ ಎಡಗಾಲನ್ನು ತುಸು ಎಳೆದು ಹಾಕಿದ. "ಮೊಣಕಾಲು ಹೋತು ಮಾವ" ಎಂದ. ಹುಚ್ಚೀರಪ್ಪ ಅವನನ್ನು ಬೆಂಚಿನ ಮೇಲೆ ಕೂರಿಸಿ, ಬೇಡವೆಂದರೂ ಎಳ್ಳೆಣ್ಣೆ ಬಿಸಿಮಾಡಿ ತಿಕ್ಕಿದ. ಒಂದು ಸಲ ಕುಂಟಿದ ಮೇಲೆ ನಿಲ್ಲಿಸುವುದು ಹೇಗೆ? ಬೀಜ ಬಿಡಿಸುವ ಹತ್ತಿ ಜಿನ್ನಿನಲ್ಲಿ ತೂಕದ ಕೆಲಸಕ್ಕೆ ಸೇರಿದ, ಮದುವೆಯಾದ, ಸಂಜೆ ಮೈದಾನದಲ್ಲಿ ಮಕ್ಕಳಿಗೆ ಕುರ್ಚಿಯ ಮೇಲೆ ಕೂತೇ ಆಟ ಕಲಿಸಿದ. ಹನ್ನೆರಡು ವರ್ಷ ಆ ಊರಿನಲ್ಲಿ ಅವನು ಒಂದು ಹೆಜ್ಜೆಯೂ ಓಡಲಿಲ್ಲ. ಮರೆವಿನಲ್ಲಿ ಒಮ್ಮೊಮ್ಮೆ ಬಲಗಾಲು ಕುಂಟುತ್ತಿತ್ತು. ಮಾವನ ಕಣ್ಣಿಗೆ ಅದು ಬೀಳಲಿಲ್ಲ.

ನನ್ನನ್ನು ಹುಚ್ಚೀರಪ್ಪ ಅಂಗಡಿಯ ಗೋಡೆಗೆ ಎರಡು ಮೊಳೆ ಹೊಡೆದು ಮಲಗಿಸಿದ್ದ. ಯಾವ ಹುಡುಗ ಚೆನ್ನಾಗಿ ಆಡಿದರೂ ನನ್ನನ್ನು ಇಳಿಸಿ ಅವನ ಕೈಗೆ ಕೊಡುತ್ತಿದ್ದ. ಹೀಗೆ ಮೂವರ ಕೈಗೆ ಹೋದೆ. ಮೂವರೂ ರಾಜ್ಯದವರೆಗೆ ಹೋಗಿ ಮರಳಿದರು, ನಾನು ಮೊಳೆಗೆ ಮರಳಿದೆ. ಗಿರಾಕಿಗಳ ಮುಂದೆ ಅವನದು ಒಂದೇ ಮಾತು, "ನಮ್ಮ ಹುಡುಗನ ಮೊಣಕಾಲು ಒಂದು ಕೈ ಕೊಡದಿದ್ರ ಇವತ್ತು ಇಂಡಿಯಾ ಟೀಮಿನ್ಯಾಗ ಇರತಿದ್ದ." ಮೈಲಾರಿ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಆ ಮಾತು ಅವನಿಗೆ ಚುಚ್ಚುತ್ತಿತ್ತು. ಹಿತವಾಗಿಯೂ ಇತ್ತು, ಅದನ್ನೂ ನಾನು ಬಲ್ಲೆ.

ಆಗ ಬಂದಳು ಸುವಾರ್ತಾ. ಮಿಶನ್ ಓಣಿಯ ಹುಡುಗಿ, ಹದಿನೇಳರ ಹರೆಯ, ಮೈಲಾರಿಯ ಬಳಿ ಕಲಿತವಳು. ಹುಡುಗಿಯರ ಲೀಗಿನ ಕಿರಿಯರ ಆಯ್ಕೆಯಲ್ಲಿ ಅವಳ ಹೆಸರನ್ನು ಮೊದಲ ಸುತ್ತಿನಲ್ಲೇ ಕರೆದಿದ್ದರು. ಶಿಬಿರಕ್ಕೆ ಹೊರಡಲು ಎರಡು ದಿನ ಇತ್ತು. ಹೊಸ ಸ್ಟಿಕ್ಕನ್ನು ತೋರಿಸಲು ಅಂಗಡಿಗೆ ತಂದಳು. ಹುಚ್ಚೀರಪ್ಪ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ. ಹಬೆ ಎದ್ದಿತು. ಅದೇ ಹೊತ್ತಿಗೆ ಮೈಲಾರಿ ಜಿನ್ನಿನಿಂದ ಬಂದು ಹೊಸ್ತಿಲಲ್ಲಿ ನಿಂತ.

"ಮಾವ, ಅದನ್ನ ಕೆಳಗ ಇಡು."

"ಯಾಕಪಾ? ನಿನಗ ಮಾಡಿಕೊಟ್ಟಂಗ ಈಕಿಗೂ ಮಾಡಿಕೊಡತೀನಿ."

"ಬ್ಯಾಡ. ಮ್ಯಾಲ ಅಳೀತಾರ ಮಾವ. ನಂದು ಮೊದಲನೇ ದಿನಾನ ತಗದು ಬಾಜೂಕ ಇಟ್ಟರು."

ಹುಚ್ಚೀರಪ್ಪ ಗೋಡೆಯ ಮೇಲಿದ್ದ ನನ್ನನ್ನು ನೋಡಿದ, ಅಳಿಯನ ಕಾಲನ್ನು ನೋಡಿದ.

"ಹಂಗಂದ್ರ ನಿನ್ನ ಮೊಣಕಾಲು?"

"ಮೊಣಕಾಲಿಗೆ ಏನೂ ಆಗಿಲ್ಲ. ಆವಾಗೂ ಏನೂ ಆಗಿರಲಿಲ್ಲ."

ಮುದುಕ ಸ್ಟಿಕ್ಕನ್ನು ಹುಡುಗಿಯ ಕೈಗೆ ಕೊಟ್ಟು, ಅಕ್ಕಿ ಚೀಲದ ಮೇಲೆ ಕುಸಿದು ಕೂತ. ಪಾತ್ರೆಯ ಮುಚ್ಚಳ ಇನ್ನೂ ಅವನ ಕೈಯಲ್ಲೇ ಇತ್ತು.

"ಅಂದ್ರ ನಿನ್ನ ಬಾಳೇನ ನಾ ಕೆಡಿಸಿದಂಗಾತಲ್ಲೋ."

ಇಲ್ಲಿ ಮೈಲಾರಿ ಸುಮ್ಮನಿದ್ದರೆ ಸಾಕಿತ್ತು. ಮೊಣಕಾಲಿನ ನೆಪ ಹೋದರೇನು, ಅದರ ಜಾಗಕ್ಕೆ ನಾನಿದ್ದೆ. ಸ್ಟಿಕ್ಕು ಕೆಡದಿದ್ದರೆ ಆಡುತ್ತಿದ್ದವನು ಎಂಬ ಹೆಸರು ಊರಿನಲ್ಲಿ ಅವನಿಗೆ ಸಾಯುವ ತನಕ ಉಳಿಯುತ್ತಿತ್ತು. ಆದರೆ ಅವನು ಮಾವನ ಪಕ್ಕದಲ್ಲಿ ನೆಲಕ್ಕೇ ಕೂತ.

"ಇಲ್ಲ ಮಾವ. ಒಂದಿನ ಕೋಚು ಇದ ಸ್ಟಿಕ್ಕು ಕೈಯಾಗ ಕೊಟ್ಟು ಹೊಡಿ ಅಂದ. ಹತ್ತು ಹೊಡದ್ನಿ. ಎರಡ ಹೋದ್ವು."

"ಗಾಳಿ ಇತ್ತೇನು?"

"ಗಾಳಿ ಇರಲಿಲ್ಲ."

"ನೆಲ ಹಸಿ ಇರಬೇಕು."

"ನೆಲ ಚಲೋ ಇತ್ತು ಮಾವ. ಅಲ್ಲಿ ಆಡೋವಷ್ಟು ಆಟ ನನಗ ಬರತಿರಲಿಲ್ಲ. ಅಷ್ಟ."

ಹುಚ್ಚೀರಪ್ಪ ಕೈಯಲ್ಲಿದ್ದ ಮುಚ್ಚಳವನ್ನು ನೆಲಕ್ಕಿಟ್ಟ. ಕೊನೆಗೆ ಎದ್ದು ಒಲೆ ಆರಿಸಿದ. ಅಳಿಯನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಒಳಗೆ ಹೋದ. ಅಂದು ಮಿರ್ಚಿ ಕರಿಯಲಿಲ್ಲ. ಇಪ್ಪತ್ತರ ಹುಡುಗ ಆಡದಿದ್ದ ಮಾತನ್ನು ಮೂವತ್ತೆರಡರ ಗಂಡಸು ಆಡಿದ್ದ. ನನಗೆ ಒಂದು ಕಡೆ ಹಗುರವಾಯಿತು, ಇನ್ನೊಂದು ಕಡೆ ದುಃಖವೂ ಆಯಿತು. ಒಬ್ಬನ ಬಾಳು ಕೆಡಿಸಿದ ಸ್ಟಿಕ್ಕು ಎಂದು ಇಷ್ಟು ವರ್ಷ ಕೊರಗಿದ್ದೆ; ಅಷ್ಟು ದೊಡ್ಡವನೂ ನಾನಾಗಿರಲಿಲ್ಲ.

ಈಗ ನನಗೆ ಮುಪ್ಪು. ಫೈಬರ್ ಸುಲಿದಿದೆ, ಹಿಡಿಯ ಪಟ್ಟಿ ಎಂದೋ ಉದುರಿಹೋಯಿತು. ಮೊಳೆಯಿಂದ ಇಳಿಸಿ ಅಂಗಡಿಯ ಮುಂದಿನ ತಾಡಪಾಲಿಗೆ ಗೋಡೆಯಿಂದ ಓರೆಯಾಗಿ ಆನಿಕೆ ಮಾಡಿದ್ದಾರೆ. ಆಗಾಗ ಗಿರಾಕಿಗಳ ಹಣೆ ತಾಗುತ್ತದೆ, ಬೈಗುಳ ನನ್ನ ಪಾಲಿಗೆ. ಇಲ್ಲಿ ನಿಂತರೆ ಮೈದಾನ ಚೆನ್ನಾಗಿ ಕಾಣುತ್ತದೆ. ಮೈಲಾರಿ ಮಕ್ಕಳ ಜೊತೆ ಏದುಸಿರು ಬಿಡುತ್ತ ಓಡುತ್ತಾನೆ. ಹೊಟ್ಟೆ ಬಂದಿದೆ, ಮಕ್ಕಳು ಅವನಿಂದ ಚೆಂಡು ಕಸಿದುಕೊಂಡು ನಗುತ್ತಾರೆ. ಪ್ರತಿ ವರ್ಷ ಯಾರದೋ ಹೆಸರು ಮೊದಲು ಕರೆಯುತ್ತಾರೆ, ಟೀವಿಯಲ್ಲಿ ಹಾರ ಹಾಕುತ್ತಾರೆ. ನನಗೆ ಆ ಹುಡುಗನ ಮುಖಕ್ಕಿಂತ ಮೊದಲು ಅವನ ಊರಿನಲ್ಲಿ ಅವನಿಗಾಗಿ ಕಾದಿರುವ ಬೆಂಚು ನೆನಪಾಗುತ್ತದೆ.

ಸುವಾರ್ತಾ ಮೂರನೆಯ ವರ್ಷ ಮರಳಿದಳು. ಬಸ್‌ಸ್ಟ್ಯಾಂಡಿನಿಂದ ನೇರವಾಗಿ ಅಂಗಡಿಗೇ ಬಂದು ಚೀಲ ಕೆಳಗಿಟ್ಟಳು. ಅವಳ ಸ್ಟಿಕ್ಕು ಹೋದಾಗ ಇದ್ದಷ್ಟೇ ನೆಟ್ಟಗಿತ್ತು. ಹುಚ್ಚೀರಪ್ಪ ಕೇಳುವ ಮೊದಲೇ ಅವಳು ಹೇಳಿದಳು.

"ಅಲ್ಲಿ ನನಗಿಂತ ಚಲೋ ಆಡವರು ಇದ್ದರು ಕಾಕಾ. ನನ್ನ ತಗೊಳ್ಳಲಿಲ್ಲ."

ಹೇಳುವಾಗ ಅವಳ ಕಣ್ಣು ತುಂಬಿತ್ತು, ಆದರೆ ತಲೆ ತಗ್ಗಲಿಲ್ಲ. ಮುದುಕ ಬೆಂಚು ಒರೆಸಿ ಕೂರಿಸಿದ, ಬಿಸಿ ಮಿರ್ಚಿಯ ತಟ್ಟೆ ಮುಂದಿಟ್ಟ, ಗೇಟಿನ ಕಡೆ ತಿರುಗಿ ಮೈಲಾರಿಯನ್ನು ಕೂಗಿದ. ಮೈಲಾರಿ ಬೆವರು ಒರೆಸಿಕೊಳ್ಳುತ್ತ ಬಂದು ಅವಳ ಎದುರಿಗೆ ಕೂತ.

"ನಾಳೆ ಸಂಜಿಮುಂದ ಬರತೀಯೇನವಾ? ನಮಗ ಫುಲ್‌ಬ್ಯಾಕ್ ಇಲ್ಲ."

ಬಾಯಿ ತುಂಬ ಮಿರ್ಚಿ ಇದ್ದದ್ದರಿಂದ ಅವಳು ತಲೆಯಾಡಿಸಿದಳು.