ಎರಡನೆಯ ಡಾಕ್ಟರ್

ಚಟ್ಟದ ಹಗ್ಗ ಬಿಗಿಯುತ್ತಿದ್ದವರ ನಡುವೆ ಕೈ ತೂರಿಸಿ, ಸಾವಕ್ಕ ಹೆಣದ ಎದೆಗೆ ಅಂಟಿಕೊಂಡಿದ್ದ ಇಸಿಜಿಯ ಬಿಳಿ ಬಿಲ್ಲೆಯನ್ನು ಮೆಲ್ಲಗೆ ಕಿತ್ತಳು. ಜೊತೆಗೆ ಒಂದೆರಡು ನರೆಗೂದಲೂ ಕಿತ್ತು ಬಂದವು. ನೋವಾದೀತೆಂಬಂತೆ ಅವಳ ಬೆರಳು ತಾನಾಗಿಯೇ ಆ ಜಾಗವನ್ನು ಒತ್ತಿ ಹಿಡಿಯಿತು.

"ಏನ್ರಿ ಅದು?" ಎಂದರು ನಾರಾಯಣ. ತೀರಿಹೋದ ಡಾಕ್ಟರ್ ರಘೂತ್ತಮರ ತಮ್ಮ. ಸುದ್ದಿ ತಿಳಿದು ಜಮಖಂಡಿಯಿಂದ ಬಂದಿದ್ದರು.

"ನಿನ್ನೆ ನಾನ ಹಚ್ಚಿದ್ದು ರೀ. ಗಡಿಬಿಡ್ಯಾಗ ಒಂದು ಉಳದೈತಿ."

ಸಾವಕ್ಕ ನರ್ಸಿನ ಬಿಳಿ ಬಟ್ಟೆಯಲ್ಲೇ ಬಂದಿದ್ದಳು. ಬದಲಿಸಿ ಬರೋಣವೆಂದರೆ ಆಸ್ಪತ್ರೆಯಲ್ಲಿ ಅವಳ ಬದಲಿಗೆ ನಿಲ್ಲುವವರು ಯಾರೂ ಇರಲಿಲ್ಲ. ಡಾಕ್ಟರರ ಕ್ವಾರ್ಟರ್ಸಿನ ಅಂಗಳದಿಂದ ಆಸ್ಪತ್ರೆಯ ಪಡಸಾಲೆ ಕಾಣುತ್ತಿತ್ತು. ಡಾಕ್ಟರ್ ಸತ್ತ ಸುದ್ದಿ ಗೊತ್ತಿದ್ದೂ ಜನ ಬಂದು ಕೂತಿದ್ದರು. ಗಲಗಲಿಯ ಆಚೆಗಿನ ಆ ಹೊಳೆದಂಡೆಯ ಹಳ್ಳಿಗಳಿಗೆ ಬೇರೆ ದವಾಖಾನೆ ಇರಲಿಲ್ಲ.

ಡಾಕ್ಟರರ ಹೆಂಡತಿ ಗೌತಮಿ ಹೊಸ್ತಿಲಲ್ಲಿ ಕೂತಿದ್ದರು. ಸಾವಕ್ಕ ಹತ್ತಿರ ಹೋದಾಗ ತಲೆ ಎತ್ತದೆ ಹೇಳಿದರು: "ನಿನ್ನಿ ಊಟದ ಡಬ್ಬಿ ಹಂಗ ವಾಪಸ್ ಬಂದದ, ಸಾವಕ್ಕ. ಮುಚ್ಚಳಾನೂ ತೆಗದಿಲ್ಲ. ಯಾವಾಗ ಉಣ್ಣೋರಿದ್ರಂತ?"

"ಸಾಲು ಮುಗದಮ್ಯಾಲ ಅಂದಿದ್ರು ರೀ."



* * *

ಮೂರು ವರ್ಷದ ಹಿಂದೆ ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಒಂದೇ ಬಾಗಿಲು, ಒಂದೇ ಸಾಲು. ಬಿಪಿ ಗುಳಿಗೆಗೆ ಬಂದವನ ಹಿಂದೆ ಜ್ವರದಲ್ಲಿ ಬೇಯುವ ಕೂಸು, ಅದರ ಹಿಂದೆ ತುಂಬಿದ ಬಸುರಿ. ಮಧ್ಯಾಹ್ನದ ಹೊತ್ತಿಗೆ ಜಗಳ ಹತ್ತುತ್ತಿತ್ತು. ಒಂದು ರವಿವಾರ ರಘೂತ್ತಮ ಪ್ಯಾಂಟು ಮಡಚಿಕೊಂಡು ತಾವೇ ಬೆಂಚು ಎಳೆಯತೊಡಗಿದರು. ಇನ್ನೊಂದು ತುದಿ ಸಾವಕ್ಕ ಹಿಡಿದಳು. ಗಾಯ ಕಟ್ಟುವುದು ಹಿಂದಿನ ಪಡಸಾಲೆಗೆ ಹೋಯಿತು. ಬಸುರಿಯರಿಗೆ ಬೇರೆ ಬಾಗಿಲಾಯಿತು. ಸಕ್ಕರೆ ಕಾಯಿಲೆಯವರು ವಾರದ ದಿನ ಹಂಚಿಕೊಂಡು ನೇರವಾಗಿ ಸಾವಕ್ಕನ ಮೇಜಿಗೆ ಬರತೊಡಗಿದರು. ಡಾಕ್ಟರರ ಕೋಣೆಯಲ್ಲಿ ಎರಡನೆಯ ಕುರ್ಚಿ ಬಂತು. ಅದರಲ್ಲಿ ಹೊಸದಾಗಿ ಸೇರಿದ ಯಶೋಧರಾ ಮೇಡಂ ಕೂತರು.

ಕೆಲವೇ ವಾರಗಳಲ್ಲಿ ಮಧ್ಯಾಹ್ನಕ್ಕೆ ಪಡಸಾಲೆ ಖಾಲಿಯಾಗತೊಡಗಿತು. ಮೊದಲ ದಿನ ಡಾಕ್ಟರರು ಖಾಲಿ ಬೆಂಚಿನ ಮೇಲೆ ಕೂತು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, "ಬಿಸಿ ಇದ್ದಾಗ ಚಹಾ ಹಿಂಗ ಇರ್ತದೇನ್ರಿ ಸಾವಕ್ಕ? ನನಗ ಮರತ ಹೋಗಿತ್ತು," ಎಂದು ನಕ್ಕಿದ್ದರು.

ಸುದ್ದಿ ಹಬ್ಬಿತು. ಮುಧೋಳದ ಕಡೆಯಿಂದಲೂ ರೋಗಿಗಳು ಬಂದರು. ಅವರ ಬೆನ್ನಿಗೆ ಅಧಿಕಾರಿಗಳು ಬಂದು, ಫೋಟೋ ತೆಗೆಸಿಕೊಂಡು ಹೋದರು. ಆಮೇಲೆ ಬಂದದ್ದು ಯಶೋಧರಾ ಮೇಡಂ ಅವರ ವರ್ಗಾವಣೆ. ಅದನ್ನು ಹೇಳಲು ಆರೋಗ್ಯಾಧಿಕಾರಿ ಜ್ಞಾನೇಶ್ವರ ಅವರೇ ಬಂದಿದ್ದರು.

"ನಿಮ್ಮಲ್ಲಿ ಕೆಲಸ ಮಧ್ಯಾಹ್ನಕ್ಕ ಮುಗೀತದ. ಮೇಡಂ ಹೋಗೂ ಊರಾಗ ಒಬ್ಬರೂ ಡಾಕ್ಟರಿಲ್ಲ. ಬನಹಟ್ಟ್ಯಾಗ ಒಬ್ಬಾಂವ ನಾಕು ಮಗ್ಗ ನಡಸೂದಿಲ್ಲೇನು?"

ಬಾಗಿಲಲ್ಲಿ ನಿಂತಿದ್ದ ಸಾವಕ್ಕ ಬನಹಟ್ಟಿಯ ನೇಕಾರರ ಮಗಳು. ಅವಳ ಅಪ್ಪ ಪವರ್‌ಲೂಮಿನಲ್ಲಿ ನಾಲ್ಕು ಮಗ್ಗ ನೋಡಿಕೊಂಡವನೇ. ಒಂದರ ಎಳೆ ಕೂಡಿಸುತ್ತಿದ್ದಾಗ ಇನ್ನೊಂದರಲ್ಲಿ ಎಳೆ ಕಡಿದು, ಅವನು ಓಡಿ ಹೋಗುವಷ್ಟರಲ್ಲಿ ಗೇಣುದ್ದ ಬಟ್ಟೆ ಕೆಟ್ಟಿರುತ್ತಿತ್ತು.

ರಘೂತ್ತಮರು ವಾದಿಸಲಿಲ್ಲ. "ಹೋಗ್ಲಿ ಬಿಡ್ರಿ. ಅಲ್ಲೀ ಮಂದೀನೂ ಮಂದೀನ ಅಲ್ಲೇನು," ಎಂದರು. ಕೆಲವು ತಿಂಗಳಿಗೆ ಇನ್ನೊಬ್ಬಳು ನರ್ಸ್ ಕೂಡ ಹೋದಳು. ರೋಗಿಗಳು ಮಾತ್ರ ಕಡಿಮೆಯಾಗಲಿಲ್ಲ. ಸಾಲು ಮತ್ತೆ ಸಂಜೆಯವರೆಗೆ ಬೆಳೆಯಿತು. ಡಾಕ್ಟರರು ತೆಳ್ಳಗಾದರು, ಮಾತು ಕಡಿಮೆ ಮಾಡಿದರು.

ನಿನ್ನೆ ಬೆಳಗಿನಿಂದ ದವಡೆ ಹಿಡಿದುಕೊಂಡೇ ರೋಗಿಗಳನ್ನು ನೋಡುತ್ತಿದ್ದರು. "ಹಲ್ಲು ನೋಯಾಕತ್ತದ," ಎಂದರು. ಸಾವಕ್ಕ ಇಸಿಜಿ ತೆಗೆಯುತ್ತೇನೆ ಎಂದಾಗ ಹೊರಗೆ ಕಣ್ಣು ಹಾಯಿಸಿ, "ಸಾಲು ಮುಗೀಲಿ," ಎಂದರು. ಮುಗಿಯಲಿಲ್ಲ. ಒಂದು ಮುದುಕಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಹಾಗೆಯೇ ಮುಂದಕ್ಕೆ ಬಾಗಿದರು. ಆಂಬ್ಯುಲೆನ್ಸ್ ಹೆರಿಗೆಯವಳನ್ನು ಕರೆದುಕೊಂಡು ಬಾಗಲಕೋಟೆಗೆ ಹೋಗಿತ್ತು. ಸಾವಕ್ಕ ಗಡಿಬಿಡಿಯಲ್ಲಿ ಇಸಿಜಿ ತೆಗೆದು, ಯಾರದೋ ಜೀಪಿನಲ್ಲಿ ಮಲಗಿಸಿಕೊಂಡು ಹೊರಟಳು. ಬೀಳಗಿ ಬರುವ ಮೊದಲೇ ಸಾವಕ್ಕನ ಕೈಯಲ್ಲಿದ್ದ ನಾಡಿ ನಿಂತಿತು.

* * *

ಚಟ್ಟ ಎತ್ತುವ ಹೊತ್ತಿಗೆ ಜ್ಞಾನೇಶ್ವರ ಹಾರ ಹಿಡಿದು ಬಂದರು. ಬೂಟು ಬಿಚ್ಚಿ ಹಾರ ಹಾಕಿ, ಕೈ ಮುಗಿದು, ಸಾವಕ್ಕನ ಪಕ್ಕಕ್ಕೆ ಸರಿದರು.

"ಸಿಸ್ಟರ್, ಅವರು ಮಾಡಿಟ್ಟ ವ್ಯವಸ್ಥಾ ನಿಮಗ ಗೊತ್ತದ. ಯಾರರೆ ಬರೂತನಕಾ ಹೆಂಗರೆ ನಡಸ್ರಿ."

"ಯಾರು ಬರ್ತಾರ್ರಿ?"

ಅವರು ಉತ್ತರಿಸುವ ಮೊದಲೇ ಗೇಟಿನಲ್ಲಿ ಗದ್ದಲವಾಯಿತು. ನಾರಾಯಣ ಬೆಂಕಿಯ ಮಡಕೆ ಹಿಡಿದು ಮುಂದೆ, ಹಿಂದೆ ಚಟ್ಟ. ಎದುರಿಗೆ ಒಂದು ಬೈಕು. ಕ್ವಾರ್ಟರ್ಸಿಗೂ ಆಸ್ಪತ್ರೆಗೂ ಇದ್ದದ್ದು ಅದೊಂದೇ ಇಕ್ಕಟ್ಟಿನ ಗೇಟು. ಬೈಕಿನ ಮೇಲೆ ಇಬ್ಬರು ಗಂಡಸರ ನಡುವೆ ಒಬ್ಬ ಹೆಂಗಸು ಕುತ್ತಿಗೆ ವಾಲಿಸಿ ಕೂತಿದ್ದಳು.

"ಕಬ್ಬಿನ ಹೊಲದಾಗ ಹಾವು ಕಡದೈತ್ರಿ," ಎಂದ ಹಿಂದೆ ಕೂತಿದ್ದ ಅವಳ ಗಂಡ ಕರೆಪ್ಪ. ಅಷ್ಟರಲ್ಲಿ ಚಟ್ಟದ ಮೇಲಿನ ಮುಖ ಕಂಡಿತು. "ಡಾಕ್ಟರು..."

ಎತ್ತಿದ ಹೆಣವನ್ನು ಹಿಂದಕ್ಕೆ ಒಯ್ಯಬಾರದೆಂದು ಯಾರೋ ಗೊಣಗಿದರು. ಹೊತ್ತವರು ಅಲ್ಲೇ ನಿಂತರು. ಹೊಸ್ತಿಲಿಂದ ಗೌತಮಿ ಎದ್ದು ಬಂದರು.

"ಹಿಂದ ಸರೀರಿ. ಮೊದಲ ಆಕೀನ್ನ ಒಳಗ ಬಿಡ್ರಿ."

ಚಟ್ಟ ಹಿಂದೆ ಸರಿಯಿತು. ಬೈಕು ಒಳಗೆ ಬಂತು.

ಸಾವಕ್ಕ ಹೆಂಗಸಿನ ಮುಖ ಎತ್ತಿ ನೋಡಿದಳು. ರೆಪ್ಪೆ ಜೋತುಬಿದ್ದಿದ್ದವು. ಹೆಸರು ಕೇಳಿದರೆ ಯಂಕವ್ವ ಎನ್ನಲು ನಾಲಿಗೆ ತೊದಲಿತು. ಸಾವಕ್ಕ ತಿರುಗಿದಳು.

"ಔಷಧ ಫ್ರಿಜ್ಜಿನಾಗ ಐತ್ರಿ ಸಾಹೇಬ್ರ. ಆದ್ರ ಡಾಕ್ಟರ್ ಇಲ್ಲದ ನಾ ಕೊಡಾಂಗಿಲ್ಲ."

"ಬಾಗಲಕೋಟಿಗೆ ಕಳಸ್ರಿ."

"ಆಂಬ್ಯುಲೆನ್ಸ್ ಇನ್ನೂ ಬಂದಿಲ್ಲ. ಬೈಕಿನ ಮ್ಯಾಲ ಅಲ್ಲೀತನಕಾ ಉಸರು ಉಳಿಯೂದಿಲ್ಲ." ಅವಳ ದನಿ ಏರಲಿಲ್ಲ. "ನೀವೂ ಡಾಕ್ಟರ ಅದೀರಲ್ಲರಿ."

ಸುತ್ತಲಿದ್ದವರೆಲ್ಲ ಅವರತ್ತ ನೋಡಿದರು.

"ಪೇಶಂಟ್ ಮುಟ್ಟಿ ಎಷ್ಟೋ ವರ್ಷಾತು ಸಿಸ್ಟರ್," ಎಂದರು ಜ್ಞಾನೇಶ್ವರ, ಅವಳಿಗಷ್ಟೇ ಕೇಳುವಂತೆ. "ಏನರೆ ಹೆಚ್ಚುಕಡಿಮಿ ಆದ್ರ?"

"ಸುಮ್ಮನಿದ್ರ ಹೆಂಗೂ ಆಗತೈತ್ರಿ."

ಅವರು ಬೂಟು ಸಹ ಹಾಕಿಕೊಳ್ಳದೆ ಅವಳ ಹಿಂದೆ ನಡೆದರು. ಬೆನ್ನ ಹಿಂದೆ ಚಟ್ಟ ಹೊಳೆಯ ದಾರಿ ಹಿಡಿದದ್ದನ್ನು ಇಬ್ಬರೂ ನೋಡಲಿಲ್ಲ.

ಮೊದಲ ಸಲ ಅವರಿಗೆ ನರ ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿತು. ಔಷಧ ಹನಿಹನಿಯಾಗಿ ಇಳಿಯುವಷ್ಟು ಹೊತ್ತೂ ಅವರು ಯಂಕವ್ವನ ನಾಡಿಯಿಂದ ಬೆರಳು ತೆಗೆಯಲಿಲ್ಲ. ಒಮ್ಮೆ ಅವಳ ಉಸಿರು ತಡೆದಾಗ ಅವರ ಅಂಗಿ ಬೆವರಿಗೆ ತೊಯ್ದು ಬೆನ್ನಿಗಂಟಿತು. ಸಾವಕ್ಕ ಆಕ್ಸಿಜನ್ ಹಚ್ಚಿ, ಇನ್ನೊಂದು ಚುಚ್ಚುಮದ್ದು ತುಂಬಿ ಅವರ ಕೈಗೆ ಕೊಟ್ಟಳು. ಕಾಲಬಳಿ ಕೂತ ಕರೆಪ್ಪ ಹೆಂಡತಿಯ ಪಾದ ಉಜ್ಜುತ್ತಲೇ ಇದ್ದ. ಹೊತ್ತು ಇಳಿಯುವಾಗ ಅವಳ ರೆಪ್ಪೆ ಕೂದಲೆಳೆಯಷ್ಟು ತೆರೆಯಿತು. ಅಷ್ಟರಲ್ಲಿ ಆಂಬ್ಯುಲೆನ್ಸ್ ಬಂದು ಅವಳನ್ನು ಕರೆದೊಯ್ದಿತು. ಕರೆಪ್ಪ ಅವಳ ಪಾದ ಹಿಡಿದುಕೊಂಡೇ ಒಳಗೆ ಹತ್ತಿದ.

ಜ್ಞಾನೇಶ್ವರ ಕೈ ತೊಳೆದುಕೊಳ್ಳುತ್ತ ನಿಂತರು. ನೀರು ಹರಿಯುತ್ತಲೇ ಇತ್ತು.

"ನನ್ನ ಕಡೆ ಕಳಸಾಕ ಡಾಕ್ಟರಿಲ್ಲ ಸಿಸ್ಟರ್. ಖರೇನ ಇಲ್ಲ. ಕೇಳಿದ್ರ ಮ್ಯಾಲಿನವರು ನಿಮ್ಮ ಆಸ್ಪತ್ರಿ ಕಡೇನ ಬಟ್ಟು ಮಾಡಿ ತೋರಸ್ತಾರ. ಅಲ್ಲಿ ಒಬ್ಬರ ಮ್ಯಾಲ ನಡೀತಿತ್ತಲ್ಲ ಅಂತಾರ."

"ನಡೀತಿರಲಿಲ್ರಿ. ಡಾಕ್ಟರು ಒಬ್ಬರ ಎಳೀತಿದ್ರು."

ಜ್ಞಾನೇಶ್ವರ ನಲ್ಲಿ ನಿಲ್ಲಿಸಿ, ತಲೆ ತಗ್ಗಿಸಿಕೊಂಡು ಪಡಸಾಲೆ ದಾಟಿದರು. ಬೆಳಗಿನಿಂದ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು, ಕೂಸುಗಳನ್ನು ಬಗಲಿಗೇರಿಸಿಕೊಂಡು, ಗುಳಿಗೆಯ ಚೀಲ ಹಿಡಿದುಕೊಂಡು ಅವರ ಹಿಂದೆಯೇ ನಡೆದರು.

ಸಾವಕ್ಕ ಕಿಟಕಿಯಿಂದ ನೋಡಿದಳು. ಬೇವಿನ ಮರದ ಕೆಳಗೆ ಕಾರಿನೊಳಗೆ ಕೂತ ಅವರು ಬಾಗಿಲು ಹಾಕಿಕೊಂಡು, ಇಂಜಿನ್ ಚಾಲೂ ಮಾಡದೆ, ಸ್ಟಿಯರಿಂಗಿನ ಮೇಲೆ ಹಣೆ ಇಟ್ಟಿದ್ದರು. ಕಾರಿನ ಸುತ್ತ ಜನ ಕೆಲಹೊತ್ತು ನಿಂತು ನೋಡಿದರು. ಆಮೇಲೆ ಒಬ್ಬ ಮುದುಕ ಟವೆಲ್ಲಿನಿಂದ ನೆಲ ಕೊಡವಿ ಮುಂದಿನ ಗಾಲಿಯ ಪಕ್ಕ ಕೂತ. ಅವನ ಹಿಂದೆ ಬಸುರಿಯೊಬ್ಬಳು ನೆಲಕ್ಕೆ ಕೈ ಊರಿ ಕೂತಳು. ನೋಡನೋಡುತ್ತ ಉಳಿದವರೂ ಕಾರಿನ ಸುತ್ತ ಸಾಲು ಹಚ್ಚಿ, ಬಿಸಿ ಆರದ ಮಣ್ಣಿನ ಮೇಲೆ ಕೂರತೊಡಗಿದರು.