ಅರ್ಧಕ್ಕೆ ನಿಲ್ಲುವ ಪ್ರಾರ್ಥನೆ

ನಮ್ಮ ದೊಡ್ಡಪ್ಪ ಹನ್ನೊಂದು ವರ್ಷ ದಿನ ತಪ್ಪದೆ ಪ್ರಾರ್ಥಿಸಿದರು. ಆದರೆ ಒಂದು ದಿನವೂ ಪ್ರಾರ್ಥನೆಯನ್ನು ಪೂರ್ತಿ ಮಾಡಲಿಲ್ಲ. ಪುಸ್ತಕಗಳಿಗೆ ರಟ್ಟು ಹಾಕುವ ಕಸುಬು ಅವರದು. ಬೆಳಗ್ಗೆ ಅಂಗಡಿ ತೆರೆದು, ಅಂಟಿನ ಡಬ್ಬಿಯನ್ನು ಸ್ಟೌವಿನ ಮೇಲಿಟ್ಟು, ಅದು ಕರಗುವಷ್ಟು ಹೊತ್ತು ಕಾಗದದ ಚೂರುಗಳ ನಡುವೆ ಮೊಣಕಾಲೂರಿ, ಏಸುಸ್ವಾಮಿ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುವರು. ಕೇಡು ಮಾಡಿದವರನ್ನು ನಾವು ಮನ್ನಿಸಿದ್ದೇವೆ ಎನ್ನುವ ಸಾಲು ಬಂದೊಡನೆ ಬಾಯಿಗೆ ಬೀಗ ಬಿದ್ದಂತೆ ನಿಂತು, ಶಿಲುಬೆಯ ಗುರುತು ಹಾಕಿಕೊಂಡು ಎದ್ದುಬಿಡುವರು.

ಮನ್ನಿಸಬೇಕಾಗಿದ್ದುದು ಊರಿನ ಆಸ್ಪತ್ರೆಯ ಕಂಪೌಂಡರನನ್ನು. ಒಂದು ಸೀಸೆಯ ಬದಲು ಇನ್ನೊಂದಕ್ಕೆ ಕೈಹಾಕಿ, ಜ್ವರವೆಂದು ಹೋಗಿದ್ದ ದೊಡ್ಡಪ್ಪನ ಒಬ್ಬಳೇ ಮಗಳಿಗೆ ತಪ್ಪು ಔಷಧಿ ಚುಚ್ಚಿದ್ದ. ಅಕ್ಕ ಉಳಿಯಲಿಲ್ಲ; ಅವಳಿಗೆ ಆಗ ಹತ್ತೊಂಬತ್ತು. ಅವನು ತಪ್ಪೊಪ್ಪಿಕೊಂಡ, ಕೆಲಸ ಕಳೆದುಕೊಂಡ, ಕಾಲಿಗೂ ಬಿದ್ದ. ಊರಿಗಿದ್ದುದು ಒಂದೇ ಚರ್ಚು. ಭಾನುವಾರ ದೊಡ್ಡಪ್ಪನ ಹಿಂದಿನ ಬೆಂಚಿನಲ್ಲಿ ಕೂತು, ಇಡೀ ಸಭೆ ಆ ಸಾಲನ್ನು ಹೇಳುವಾಗ ಅವರ ದನಿಯೂ ಕೂಡೀತೇ ಎಂದು ಕಿವಿಗೊಟ್ಟಿರುತ್ತಿದ್ದ. ಕೂಡುತ್ತಿರಲಿಲ್ಲ. ಅವನ ಕತ್ತು ಕುಸಿಯುವುದನ್ನು ಕಂಡು, ನಿಜ ಹೇಳಬೇಕೆಂದರೆ, ನನಗೆ ಒಳಗೊಳಗೇ ಹಿತವಾಗುತ್ತಿತ್ತು.

ದೊಡ್ಡಪ್ಪ ಎಡಕ್ಕೆ ವಾಲಿ ನಡೆಯುವರು. ರಟ್ಟಿನ ಹೊರೆ ಹೊತ್ತ ಭುಜ ಹೊರೆಯಿಲ್ಲದಾಗಲೂ ನೆಟ್ಟಗಾಗದು. ಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟಿನ ತೋಳು ಅಂಟು ಮೆತ್ತಿ ಮೆತ್ತಿ ಬಿರುಸಾಗಿತ್ತು. ಸಡಿಲ ಹೊಲಿಗೆಯ ಮೇಲೆ ಚೆಂದದ ರಟ್ಟು ಬೇಕೆಂದು ಬಂದವರನ್ನು ನಿಂತ ಕಾಲಲ್ಲೇ ಕಳಿಸುವರು. "ಒಳಗೆ ಹಾಳೆ ಉದುರ್ತಿರುತ್ತೆ, ಮೇಲೆ ಚಿನ್ನದ ಅಕ್ಷರ ಬೇಕಂತೆ ಇವರಿಗೆ!"

"ಹೇಳ್ತಾ ಹೇಳ್ತಾ ಮನಸ್ಸು ಬರುತ್ತೆ, ಅಭ್ಯಾಸ ಬಿಡಬೇಡಿ," ಎಂದು ಪಾದ್ರಿಗಳು ಒಮ್ಮೆ ಬುದ್ಧಿ ಹೇಳಿದರು.

"ಬಿಟ್ಟಿಲ್ಲವಲ್ಲ ಫಾದರ್, ದಿನಾ ಅಲ್ಲೀವರೆಗೂ ಹೋಗ್ತೀನಿ. ದೇವರ ಮುಂದೇನೇ ಸುಳ್ಳು ಹೇಳೋಕಾಗುತ್ತಾ?"

ಹನ್ನೊಂದನೆಯ ವರ್ಷ ಕಂಪೌಂಡರ್ ಹಾಸಿಗೆ ಹಿಡಿದ. ಅವನ ಹೆಂಡತಿ ಅಂಗಡಿಯ ಮೆಟ್ಟಿಲಲ್ಲಿ ನಿಂತು, "ಅಣ್ಣ, ಒಂದ್ಸಲ ಬಂದು ಹೋಗಿ. ಮಾತು ನಿಂತಿದೆ, ಕಿವಿ ಇನ್ನೂ ಕೇಳುತ್ತೆ," ಎಂದಳು. ದೊಡ್ಡಪ್ಪ ಸ್ಟೌವು ಆರಿಸಿ ಹೊರಟರು, ಜೊತೆಗೆ ನಾನು. ಔಷಧಿಯ ನಾತದ ಆ ಕೋಣೆಯಲ್ಲಿ ಮೊಣಕಾಲೂರಿ ಪ್ರಾರ್ಥನೆ ತೊಡಗಿದರು, ಅದೇ ಸಾಲಿಗೆ ಬಂದು ನಿಂತರು. ರೋಗಿಯ ಕಣ್ಣು ಅವರ ತುಟಿಯನ್ನೇ ನೋಡುತ್ತಿತ್ತು. "ಇವತ್ತು ಬರ್ತಿಲ್ಲ ಕಣಯ್ಯ. ನಾಳೆ ಬರ್ತೀನಿ," ಎಂದು ಎದ್ದರು.

ಮರುದಿನ ಹೋದರು, ಅದರ ಮರುದಿನವೂ. ಮೈ ಒರೆಸಿದರು, ಮಗ್ಗುಲು ಹೊರಳಿಸಿದರು, ಚಮಚದಲ್ಲಿ ಗಂಜಿ ಕುಡಿಸಿದರು, ಮೊಣಕಾಲೂರಿದರು, ಅಲ್ಲಿಗೇ ನಿಂತರು. ಸಾಯುವವನನ್ನು ಹೀಗೆ ಗೋಳುಹೊಯ್ದುಕೊಳ್ಳುವುದೇ ಎಂದು ನಾನು ಸಿಡುಕಿದೆ. ಹದಿನೆಂಟನೆಯ ಬೆಳಗ್ಗೆ ಆ ಸಾಲು, ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನಂತೆ, ಒಂದೊಂದೇ ಪದವಾಗಿ ಹೊರಬಿತ್ತು. ಕಂಪೌಂಡರನ ಕಣ್ಣಿನಿಂದ ನೀರು ಇಳಿಯಿತು. ಸಂಜೆಗೆ ತೀರಿಕೊಂಡ.

ಆ ಬೆಳಗ್ಗೆ ಬೀದಿಗಿಳಿದ ದೊಡ್ಡಪ್ಪ ಗೋಡೆ ಹಿಡಿದು ಕುಸಿದು ಕೂತರು. ಅವರ ಮುಖದಲ್ಲಿ ಶಾಂತಿಯನ್ನು ಹುಡುಕಿದ ನಾನೊಬ್ಬ ಮೂರ್ಖ. "ಹೇಳಿಬಿಟ್ಟೆ ಕಣೋ," ಎಂದರು. "ಸಿಟ್ಟು ಇರೋವರೆಗೂ ಮಗಳು ನನ್ನ ಜೊತೆಗಿದ್ಲು. ಇವತ್ತು ಅವಳನ್ನ ಮಣ್ಣು ಮಾಡಿ ಬಂದ ಹಾಗಾಯ್ತು."

ಭಕ್ತಿಯೆಂದರೆ ಭಾರ ಇಳಿಯುವುದೆಂದು ಬೋಧಿಸುವವರು ಬಹಳ. ದೊಡ್ಡಪ್ಪನಂಥವರಿಗೆ ಅದು ದಿನನಿತ್ಯ ಹೋಗಿ ನಿಲ್ಲಬೇಕಾದ ಒಂದು ಜಾಗ, ಅಷ್ಟೆ. ಅಲ್ಲಿ ತಮ್ಮಲ್ಲಿ ಉಳಿದ ಕೊನೆಯದನ್ನೂ ಕೊಡಬೇಕಾಗಿ ಬಂದರೆ ಅಳುತ್ತಲೇ ಕೊಡುತ್ತಾರೆ. ಇಂಥವರನ್ನು ಪ್ರೀತಿಸುವುದು ದೇವರಿಗೂ ಸುಲಭವಿರಲಾರದು. ಆದರೆ ಅವರ ಮಾತನ್ನು ಅವನು ನಂಬಿರುತ್ತಾನೆ.