ಅಮ್ಮನ ಟಿವಿ

ನಮ್ಮ ಮನೆ ಇರುವುದು ಗುಡ್ಡಗಳ ನಡುವಿನ ತಗ್ಗಿನಲ್ಲಿ; ಮೊಬೈಲಿಗೆ ಒಂದು ಗೀಟೂ ಸಿಗ್ನಲ್ ಬರುವುದಿಲ್ಲ. ದೂರದ ಕಂಬದಿಂದ ಗಾಳಿಯಲ್ಲಿ ಬರುವ ಇಂಟರ್ನೆಟ್ಟನ್ನು ತಾರಸಿಯ ಮೇಲಿನ ಡಿಶ್ ಹಿಡಿಯುತ್ತದೆ, ಊಟದ ಮೇಜಿನ ಪಕ್ಕದ ರೂಟರ್ ಮನೆಮಂದಿಗೆಲ್ಲ ಹಂಚುತ್ತದೆ. ಹಂಚುತ್ತದೆ ಅನ್ನುವುದು ಬರೀ ಮಾತಿಗೆ. ಹಂಚುವವರು ಭಾವ, ನನ್ನ ಗಂಡನ ಅಣ್ಣ.

ಭಾವ ಗೋದಾಮಿನ ಮೇಲ್ವಿಚಾರಕರು, ಮನೆಯನ್ನೂ ಗೋದಾಮೆಂದೇ ತಿಳಿದಿದ್ದಾರೆ. ಯಾರ ಫೋನು ನೆಟ್ಟಿನಲ್ಲಿದೆ ಎಂಬುದು ಅವರ ಫೋನಿನಲ್ಲಿ ಕಾಣುತ್ತದೆ. ನಾನು ತವರಿಗೆ ಸ್ವಲ್ಪ ಹೆಚ್ಚು ಮಾತಾಡಿದರೆ ಕರೆ ಅರ್ಧಕ್ಕೇ ಸಾಯುತ್ತದೆ. "ಏನಿತ್ತು ಅಷ್ಟೊಂದು?" ಎಂದು ಆಮೇಲೆ ನಗುತ್ತಾರೆ. ನಾದಿನಿ ತಾನೇ ಆರಿಸಿಕೊಂಡವನನ್ನು ಮದುವೆಯಾಗಿ ಹೋದ ದಿನ, ಅವಳ ಕರೆ ಈ ಮನೆಯ ಯಾವ ಫೋನಿಗೂ ಬಾರದಂತೆ ಮಾಡಿದವರೂ ಅವರೇ. ನನ್ನ ಗಂಡನಿಗೆ ಹೇಳಿದರೆ, "ಅಣ್ಣ ನೋಡ್ಕೋತಾನೆ ಬಿಡು." ಬೆನ್ನುಮೂಳೆಯಿಲ್ಲದ ಮನುಷ್ಯ.

ಮದುವೆಗೆ ಮುಂಚೆ ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿದ್ದೆ. ಅತ್ತೆಗೆ ಒತ್ತುತ್ತಿದ್ದ ಹಲ್ಲಿನ ಸೆಟ್ಟನ್ನು ಉಜ್ಜಿ ಸರಿಮಾಡಿಕೊಟ್ಟಿದ್ದೂ ನಾನೇ. ಈಗ ಬೇರೆ ಊರಿನ ಲ್ಯಾಬೊಂದು ಕೆಲಸವನ್ನೂ ಇರಲು ಕೋಣೆಯನ್ನೂ ಕೊಡುವುದಾಗಿ ಹೇಳಿತ್ತು. ಆದರೆ ಮೊದಲು ವಿಡಿಯೋದಲ್ಲಿ ಮಾತಾಡಬೇಕು. ಆ ಕರೆ ಕತ್ತರಿಸಿದರೆ ನಾನು ಇಲ್ಲೇ ಕೊಳೆಯಬೇಕಿತ್ತು.

ಭಾವ ಯಾರ ನೆಟ್ ಬೇಕಾದರೂ ಕತ್ತರಿಸುತ್ತಾರೆ, ತಮ್ಮ ಅಮ್ಮನ, ಅಂದರೆ ನನ್ನ ಅತ್ತೆಯ, ಟಿವಿಗೆ ನೆಟ್ಟಿನಲ್ಲೇ ಬರುವ ಧಾರಾವಾಹಿಯನ್ನು ಮಾತ್ರ ಮುಟ್ಟುವುದಿಲ್ಲ. ಅಟ್ಟದಲ್ಲಿ ಬಿದ್ದಿದ್ದ ಹಳೆಯ ರೂಟರಿಗೆ 'ಅಮ್ಮನ ಟಿವಿ' ಎಂದೇ ಹೆಸರಿಟ್ಟು ಟಿವಿಯ ಹಿಂದೆ ಅಡಗಿಸಿದೆ. ಟಿವಿಯೂ ನನ್ನ ಫೋನೂ ಅದಕ್ಕೇ ಸೇರಿದವು. ಭಾವನಿಗೆ ಇನ್ನು ಕಾಣುವುದು ಆ ಒಂದೇ ಹೆಸರು. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಒಂದೇ ನಲ್ಲಿಗೆ ಎರಡು ಕೊಡ ಹಿಡಿದರೆ ಎರಡೂ ತುಂಬುವುದಿಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ.

ಸಂಜೆ ಅತ್ತೆ ಎಂದಿನಂತೆ ಹಲ್ಲು ತೆಗೆದು ಬಟ್ಟಲಲ್ಲಿಟ್ಟು ಟಿವಿ ಮುಂದೆ ಕೂತರು. ನಾನು ಪಕ್ಕದ ಕೋಣೆಗೆ ಹೋದೆ. ಅದರ ಚಿಲಕ ಮುರಿದು ಬಹಳ ಕಾಲವಾಯಿತು, ಸರಿಮಾಡಿಸುವ ಮನಸ್ಸು ಯಾರಿಗೂ ಇಲ್ಲ. ಲ್ಯಾಬಿನ ಯಜಮಾನಿ ವಿಡಿಯೋದಲ್ಲಿ ಮೇಣದ ಅಚ್ಚಿನ ಬಗ್ಗೆ ಕೇಳುತ್ತಿದ್ದಂತೆ ಹಜಾರದಲ್ಲಿ ಟಿವಿ ಸದ್ದಡಗಿತು. ನನ್ನ ಕರೆ ಟಿವಿಯ ಪಾಲಿನ ನೆಟ್ಟನ್ನೂ ಎಳೆದುಕೊಂಡಿತ್ತು.

ಬಾಗಿಲು ತಳ್ಳಿಕೊಂಡು ಅತ್ತೆ ಬಂದರು. ಸರಿಯಾಗಿ ಆಗಲೇ ಫೋನು ಕೇಳಿತು: "ಯಾವಾಗ ಬಂದು ಸೇರ್ತೀರಾ? ರೂಮು ಖಾಲಿ ಇದೆ."

ಅತ್ತೆ ನನ್ನನ್ನು ನೋಡಿದರು, ಫೋನನ್ನು ನೋಡಿದರು, ಬಂದ ಹಾಗೇ ಹೊರಟುಹೋದರು.

ಊಟದ ಮೇಜಿನಿಂದ ಭಾವನ ಗಂಟಲು ಕೇಳಿಸಿತು. "ಅಮ್ಮಾ, ನಿನ್ನ ಟಿವಿನೇ ಎಲ್ಲಾ ನೆಟ್ ಕುಡೀತಿದೆ. ಏನೋ ಗೋಲ್‌ಮಾಲ್ ಇದೆ. ಒಂದ್ಸಲ ಕಟ್ ಮಾಡಿ ನೋಡ್ತೀನಿ."

"ಮಾಡು ನೋಡೋಣ! ಈಗ್ಲೇ ಕಥೆ ಚೆನ್ನಾಗಿ ಬರ್ತಿದೆ. ತಲೆನೋವು ಅಂತ ಸೌಂಡು ನಾನೇ ತೆಗ್ದಿದೀನಿ."

ಬಾಗಿಲ ಸಂದಿಯಿಂದ ಇಣುಕಿದೆ. ಪರದೆಯ ಮೇಲೆ ನಾಯಕಿ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಿದ್ದಳು. ಅತ್ತೆ ಅವಳನ್ನೇ ನೋಡುತ್ತ ತಲೆದೂಗುತ್ತಿದ್ದರು. ಭಾವ ಎದ್ದು ಬರಲಿಲ್ಲ.

"ಒಂದನೇ ತಾರೀಕು ಬರ್ತೀನಿ ಮೇಡಂ," ಎಂದೆ.

ಭಾವ ಸ್ನಾನಕ್ಕೆ ಹೋದ ಮೇಲೆ ಅತ್ತೆ ಮತ್ತೆ ಬಂದರು. ಬಾಗಿಲಿಗೆ ಕುರ್ಚಿ ಒತ್ತಿಟ್ಟರು. ಒಂದು ಕೈಯಲ್ಲಿ ಹಲ್ಲಿನ ಬಟ್ಟಲಿತ್ತು, ಇನ್ನೊಂದರಲ್ಲಿ ಅವರ ಫೋನು. ನಾನು ತಪ್ಪು ಮಾಡಿದವಳಂತೆ ನಿಂತೆ.

"ಹೋಗೋದಾದ್ರೆ ಹೋಗು. ಟಿವಿ ನಿಂತಾಗ ಹಿಂದೆ ಇಣುಕಿದ್ದೆ, ಅಲ್ಲಿರೋ ಆ ಡಬ್ಬಿ ಮಾತ್ರ ಕಿತ್ಕೊಂಡು ಹೋಗ್ಬೇಡ ಕಣೇ."

"ಇಲ್ಲ ಅತ್ತೆ."

"ನನ್ನ ಮಗಳ ದನಿನೇ ಮರೆತು ಹೋಗ್ತಿದೆ. ಇದನ್ನೂ ಅದಕ್ಕೆ ಸೇರಿಸ್ಕೊಡು."

ಇಷ್ಟು ದಿನ ಈ ಮನೆಯಲ್ಲಿ ಸಿಕ್ಕಿಬಿದ್ದವಳು ನಾನೊಬ್ಬಳೇ ಅಂದುಕೊಂಡಿದ್ದೆ. ನಾಚಿಕೆಯಾಯಿತು. ಅವರ ಫೋನನ್ನು ಡಬ್ಬಿಗೆ ಸೇರಿಸಿದೆ, ನಾದಿನಿಯ ನಂಬರಿಗೆ ಭಾವ ಹಾಕಿದ್ದ ತಡೆ ತೆಗೆದೆ. ವಿಡಿಯೋ ಗುಂಡಿ ಒತ್ತುವುದರಲ್ಲಿದ್ದೆ, ಅತ್ತೆ ನನ್ನ ಕೈ ಹಿಡಿದರು.

"ತಡಿ, ತಡಿ. ಅವಳು ಹೋದಾಗ ನಂಗೆ ಹಲ್ಲೆಲ್ಲ ಇತ್ತು."

ಸೆಟ್ಟನ್ನು ಬಾಯಿಗಿಟ್ಟು ತುಟಿ ಒರೆಸಿಕೊಂಡರು. ಆಮೇಲೆ ಗುಂಡಿ ಒತ್ತಿದೆ.